ಕಟ್ಟುಹಾವಿನ ಎರಡನೆಯ ಗೆರೆ

ಚಿತ್ರಗುಡ್ಡ, ತುಂಗಭದ್ರೆಯ ಎಡದಂಡೆ
ಕ್ರಿ.ಶ. 2231, ಹದಿಮೂರನೆಯ ತಿಂಗಳು, ಹತ್ತೊಂಬತ್ತನೆಯ ದಿನ

ಇನ್ನೂರು ವರ್ಷಗಳ ಹಿಂದೆ ಕುಳಿತು ನನ್ನದೇ ಕೆಲಸವನ್ನು ಮಾಡುತ್ತಿರುವವರಿಗೆ,

ಮೇಲಿನ ತಾರೀಖನ್ನು ನಾನು ತಪ್ಪಾಗಿ ಬರೆದಿಲ್ಲ. ಬಿಸಿಲು ಮನುಷ್ಯರು ತಡೆಯುವ ಮಿತಿಯನ್ನು ದಾಟಿದ ಮೇಲೆ ನಮ್ಮ ಹಿರಿಯರು ಪ್ರತಿ ತಿಂಗಳಿನಿಂದ ಎರಡೆರಡು ದಿನ ತೆಗೆದು, ಏಪ್ರಿಲ್ ಮತ್ತು ಮೇ ನಡುವೆ ಇಪ್ಪತ್ನಾಲ್ಕು ದಿನಗಳ ಇನ್ನೊಂದು ತಿಂಗಳನ್ನು ಕೂಡಿಸಿದರು. ಅದಕ್ಕೆ ಸುಮ್ಮನಿರುವ ತಿಂಗಳು ಎನ್ನುತ್ತೇವೆ. ಆ ದಿನಗಳಲ್ಲಿ ಹೊಲಕ್ಕೆ ಹೋಗುವಂತಿಲ್ಲ, ಕಲ್ಲು ಒಡೆಯುವಂತಿಲ್ಲ, ಮದುವೆ ಮಾಡುವಂತಿಲ್ಲ, ಸಭೆ ಸೇರುವಂತಿಲ್ಲ. ಮನೆಯೊಳಗೆ ಕುಳಿತು ಮಾಡುವ ಕೆಲಸಕ್ಕೆ ಮಾತ್ರ ಅಡ್ಡಿಯಿಲ್ಲ. ಹಾಗಾಗಿ ನನಗೆ ಈ ಪತ್ರ ಬರೆಯಲು ಸಮಯ ಸಿಕ್ಕಿದೆ. ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ನಾನು ಓದಿದ್ದು ಇಂಗ್ಲಿಷಿನಲ್ಲಿ. ನೀವು ಬಿಟ್ಟುಹೋದ ಯಂತ್ರಗಳಿಗೆ ಆ ಭಾಷೆಯೇ ಬೇಕಾದ್ದರಿಂದ ಗುಡ್ಡದ ಮೇಲಿನ ಮಕ್ಕಳಿಗೆ ಇಂದಿಗೂ ಅದರಲ್ಲೇ ಪಾಠ. ಕನ್ನಡದಲ್ಲಿ ಬರೆಯಲು ನಾನು ಕಲಿತದ್ದು ಮೂವತ್ತು ದಾಟಿದ ಮೇಲೆ. ಈಗ ನಲವತ್ತಾರು. ಈ ಪತ್ರ ನಿಮಗೆ ತಲುಪುವ ದಾರಿ ಯಾವುದೂ ಇಲ್ಲ ಎಂಬುದೂ ನನಗೆ ಗೊತ್ತಿದೆ.

ನಿಮ್ಮ ಕೆಲಸವನ್ನು ನಾನು ನಿಮ್ಮ ಕಡತಗಳಿಂದಲೇ ತಿಳಿದುಕೊಂಡೆ. ಒಂದು ಚಿತ್ರವನ್ನು ನಾಲ್ಕೈದು ಅಳತೆಗಳಲ್ಲಿ ಮಾಡಿಡುತ್ತಿದ್ದಿರಿ. ನೋಡುವವರ ಫೋನಿನ ಅಗಲ ಎಷ್ಟೆಂದು ತಿಳಿದು ಅದಕ್ಕೆ ತಕ್ಕದ್ದನ್ನು ಕಳುಹಿಸುತ್ತಿದ್ದಿರಿ. ಗುಣಮಟ್ಟವನ್ನು ನೂರರಲ್ಲಿ ಎಂಬತ್ತಕ್ಕೆ ಇಳಿಸಿ ನೋಡುವುದು, ವ್ಯತ್ಯಾಸ ಕಾಣದಿದ್ದರೆ ಎಪ್ಪತ್ತು, ಆಮೇಲೆ ಅರವತ್ತು. ಸಣ್ಣ ಪರದೆಗೆ ದೊಡ್ಡ ಚಿತ್ರ ಕಳುಹಿಸುವುದು ದಂಡ ಎಂಬ ನಿಮ್ಮ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ಮೂಲಚಿತ್ರ ಎಲ್ಲೋ ದೂರದ ದೊಡ್ಡ ಕಟ್ಟಡದಲ್ಲಿ ಭದ್ರವಾಗಿದೆ ಎಂದು ನೀವು ನಂಬಿದ್ದಿರಿ. ಆ ಕಟ್ಟಡಗಳು ಕರೆಂಟಿಲ್ಲದೆ, ನೀರಿಲ್ಲದೆ, ಒಂದೊಂದಾಗಿ ನಿಂತುಹೋದವು. ಉಳಿದದ್ದು ಜನರ ಮನೆಯ ಟ್ರಂಕುಗಳಲ್ಲಿ, ಕಪಾಟುಗಳಲ್ಲಿ ಬಿದ್ದಿದ್ದ ಫೋನುಗಳು. ಅವುಗಳ ಹೊಟ್ಟೆಯಲ್ಲಿದ್ದದ್ದು ಅಂಗೈಯಗಲದ ಚಿತ್ರಗಳು ಮಾತ್ರ. ನಿಮ್ಮ ಕಾಲವನ್ನು ನಾವು ಅಷ್ಟಗಲದಲ್ಲೇ ನೋಡಿದವರು. ನಿಮ್ಮ ಮದುವೆಗಳಲ್ಲಿ ಹಿಂದಿನ ಸಾಲಿನವರಿಗೆ ಮುಖವಿಲ್ಲ. ನಿಮ್ಮ ಊರುಗಳ ಬೋರ್ಡುಗಳ ಮೇಲೆ ಅಕ್ಷರವಿರಬೇಕಾದ ಕಡೆ ಇರುವೆ ಸಾಲು. ನಿಮ್ಮ ರಾತ್ರಿಯ ಆಕಾಶದ ಚಿತ್ರಗಳಲ್ಲಿ ನಕ್ಷತ್ರಗಳಿಲ್ಲ. ಅಷ್ಟು ಸಣ್ಣ ಚುಕ್ಕೆಗಳನ್ನು ಇಟ್ಟುಕೊಳ್ಳುವುದು ವ್ಯರ್ಥ ಎಂದು ಯಂತ್ರ ತೀರ್ಮಾನಿಸಿತ್ತು.

ಸಣ್ಣವಳಿದ್ದಾಗಿನಿಂದ ನನಗೆ ನಿಮ್ಮ ಮೇಲೆ ಸಿಟ್ಟಿತ್ತು. ಆ ಸಿಟ್ಟು ನನಗೆ ಎಷ್ಟು ಅನುಕೂಲವಾಯಿತು ಎಂಬುದನ್ನು ಹೇಳುವುದಕ್ಕಾಗಿಯೇ ಬರೆಯುತ್ತಿದ್ದೇನೆ.

ನಮ್ಮದು ಚಿತ್ರಕೋಶ. ಬಂಡೆ ಕೊರೆದು ಮಾಡಿದ ಹನ್ನೊಂದು ಕೋಣೆಗಳು, ಒಳಗೆ ತಂಪು. ಫೋನುಗಳಿಂದ ತೆಗೆದ ಚಿತ್ರಗಳನ್ನು ಬಿಲ್ಲೆಗಳಲ್ಲಿ ಇಡುತ್ತೇವೆ. ಬಿಲ್ಲೆ ಎಂದರೆ ಉಂಗುರದ ಬೆರಳಿನಷ್ಟು ಉದ್ದದ ಕಪ್ಪು ತುಂಡು. ಹೊಸದನ್ನು ಮಾಡುವುದು ಯಾರಿಗೂ ಗೊತ್ತಿಲ್ಲ, ಇರುವವುಗಳಲ್ಲಿ ವರ್ಷಕ್ಕೆ ಏಳೆಂಟು ಸಾಯುತ್ತವೆ. ಸಾಯುವ ಮುಂಚೆ ಬಿಸಿಯಾಗುತ್ತದೆ. ಆಗ ಅದರಲ್ಲಿರುವುದನ್ನು ಬದುಕಿರುವ ಬಿಲ್ಲೆಗೆ ಸಾಗಿಸಬೇಕು, ಅಲ್ಲಿ ಜಾಗ ಸಾಲುವುದಿಲ್ಲ, ಹಾಗಾಗಿ ಕುಗ್ಗಿಸಬೇಕು. ಯಾವ ಚಿತ್ರ ಎಷ್ಟು ಕುಗ್ಗಿದರೆ ನಡೆಯುತ್ತದೆ ಎಂದು ತೀರ್ಮಾನಿಸುವವಳು ನಾನು. ನಮ್ಮಲ್ಲಿ ಮೂರು ಅಳತೆಗಳಿವೆ. ಸಭೆಯ ಚಾವಡಿಯಲ್ಲಿ ತೂಗುಹಾಕುವ ಗೋಡೆಗಾಜಿಗೆ ಒಂದು, ಶಾಲೆಯ ಮಡಿಲುಗಾಜಿಗೆ ಒಂದು, ಕೈಗಾಜಿಗೆ ಒಂದು. ಕೈಗಾಜು ನಿಮ್ಮ ಫೋನೇ, ಮಾತಾಡುವುದನ್ನು ಮರೆತ ಫೋನು. ಸುತ್ತಲಿನ ಐದು ಊರುಗಳಿಗೆ ಸೇರಿ ಒಂದು ಕೈಗಾಜಿದೆ. ವರ್ಷಕ್ಕೊಮ್ಮೆ ಅದನ್ನು ಇಲ್ಲಿಗೆ ತಂದು ಎರಡು ಸಾವಿರ ಚಿತ್ರ ತುಂಬಿಸಿಕೊಂಡು ಹೋಗುತ್ತಾರೆ: ಬೆಳೆಯ ರೋಗ, ಮೈಮೇಲಿನ ಗುಳ್ಳೆ, ತಿನ್ನುವ ಸೊಪ್ಪು, ತಿನ್ನಬಾರದ ಸೊಪ್ಪು, ಹಾವು.

ಇಲ್ಲಿ ಒಂದು ಪದ್ಧತಿಯಿದೆ. ಅದರ ಹೆಸರು ಹೊಸಗಣ್ಣು. ದೊಡ್ಡ ಚಿತ್ರವನ್ನು ಈಗಷ್ಟೇ ನೋಡಿದವರು ಕುಗ್ಗಿಸಿದ್ದರ ಬಗ್ಗೆ ತೀರ್ಪು ಕೊಡಬಾರದು. ದೊಡ್ಡದನ್ನು ನೋಡಿಯೇ ಇರದ ಒಬ್ಬರನ್ನು ಕರೆದು, ಚಿಕ್ಕದನ್ನು ಅವರ ಕೈಗೆ ಕೊಟ್ಟು, ಏನು ಕಾಣುತ್ತದೆ ಹೇಳಿ ಎನ್ನಬೇಕು. ಅವರು ಹೇಳಿದ್ದು ಸಾಕೆನಿಸಿದರೆ ವಹಿಯಲ್ಲಿ ನನ್ನ ಗುರುತು, ಪಕ್ಕದಲ್ಲಿ ಅವರ ಗುರುತು. ಆಮೇಲೆ ಮಾತ್ರ ಮೂಲವನ್ನು ಅಳಿಸಬಹುದು. ಹದಿನಾರು ವರ್ಷಗಳಿಂದ ನನ್ನ ಹೊಸಗಣ್ಣು ಹುಲಿಗೆಮ್ಮ. ಕೋಶದವರಿಗೆ ಅಡಿಗೆ ಮಾಡುವವಳು, ನನಗಿಂತ ಹತ್ತು ವರ್ಷ ಹಿರಿಯಳು, ನನ್ನನ್ನು ತಂಗಿ ಎನ್ನುತ್ತಾಳೆ. ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸುತ್ತಾ ಬಂದು, "ನಿನ್ನ ಕಣ್ಣಾಗ ಮಣ್ಣು ಬಿದ್ದೈತೇನ್ ತಂಗಿ, ದಿನಾ ನನ್ನ ಕಣ್ಣು ಕಡಾ ಕೇಳ್ತಿ?" ಎನ್ನುತ್ತಾಳೆ. ಒಮ್ಮೆ ಒಂದು ಚಿತ್ರವನ್ನು ತಿರುಗಿಸಿ ತಿರುಗಿಸಿ ನೋಡಿ ಹೇಳಿದಳು: "ಇದು ಬಣವಿ ಇದ್ರ ಬೇಕಾದಷ್ಟಾತು. ಆನಿ ಇದ್ರ ಒಂದು ಸೊಂಡಿಲಾರ ಕೊಡವಾ ಪಾಪ." ಅದು ಆನೆಯೇ ಆಗಿತ್ತು. ಅದಕ್ಕೆ ಇನ್ನಷ್ಟು ಜಾಗ ಕೊಟ್ಟೆ.

ಮೂರು ವರ್ಷದ ಹಿಂದೆ, ಜನವರಿಯ ಒಂದು ಬೆಳಗ್ಗೆ, ಒಂಬತ್ತನೆಯ ಕೋಣೆಯ ಬಿಲ್ಲೆಯೊಂದು ಬಿಸಿಯಾಯಿತು. ಅದರಲ್ಲಿ ನಾನೂರ ಹನ್ನೆರಡು ಚಿತ್ರಗಳಿದ್ದವು. ಸಂಜೆಯೊಳಗೆ ಅಷ್ಟನ್ನೂ ಸಾಗಿಸಬೇಕಿತ್ತು. ಮಧ್ಯಾಹ್ನದ ಹೊತ್ತಿಗೆ ಹುಲಿಗೆಮ್ಮ ನಲವತ್ತು ಸಲ ಬಂದು ಹೋಗಿದ್ದಳು, ಒಲೆಯ ಮೇಲಿನ ರೊಟ್ಟಿ ಎರಡು ಸಲ ಸೀದಿತ್ತು, ಪಂಪಣ್ಣನವರು ಗೊಣಗಿದ್ದರು. ಪಂಪಣ್ಣನವರು ಕೋಶದ ಮುಖ್ಯಸ್ಥರು. ಒಳ್ಳೆಯವರು, ಊಟ ತಡವಾದರೆ ಮಾತ್ರ ಒಳ್ಳೆಯವರಲ್ಲ. ಆ ಹೊತ್ತಿಗೆ ಸರಿಯಾಗಿ ನನ್ನ ಮುಂದೆ ಕಡುವಿಷದ ಕಟ್ಟುಹಾವಿನ ಚಿತ್ರ ಬಂತು.

ಅಂಥ ಚಿತ್ರ ನಾನು ಜೀವಮಾನದಲ್ಲಿ ಹತ್ತು ನೋಡಿಲ್ಲ. ಫೋನಿನದ್ದಲ್ಲ, ಯಾರೋ ದೊಡ್ಡ ಕ್ಯಾಮೆರಾದಲ್ಲಿ ತೆಗೆದು, ಕುಗ್ಗಿಸದೆ, ಹಾಗೆಯೇ ಇಟ್ಟುಕೊಂಡದ್ದು. ನಿಮ್ಮಲ್ಲಿ ಒಬ್ಬರಾದರೂ ಹಾಗೆ ಇಟ್ಟಿದ್ದರು. ಕಪ್ಪು ಮೈ ಎಣ್ಣೆ ಹಚ್ಚಿದಂತಿತ್ತು. ಮೈಸುತ್ತ ಬಿಳಿ ಗೆರೆಗಳು. ಪ್ರತಿ ಕಡೆ ಒಂದಲ್ಲ, ಎರಡು ಗೆರೆ, ನೂಲಿನೆಳೆಯಷ್ಟು ತೆಳು, ನಡುವೆ ಚೂರೇ ಕಪ್ಪು. ಆ ಒಂದು ಚಿತ್ರ ಬೇರೆ ಇಪ್ಪತ್ತು ಚಿತ್ರಗಳ ಜಾಗ ತಿನ್ನುತ್ತಿತ್ತು. ಕೈಗಾಜಿನ ಅಳತೆಗೆ ಇಳಿಸಿದೆ. ಗುಣಮಟ್ಟ ಎಪ್ಪತ್ತು, ಐವತ್ತೈದು, ನಲವತ್ತು. ಪ್ರತಿ ಸಲವೂ, ಪರೀಕ್ಷೆಗೆಂದೇ ಕೋಶದಲ್ಲಿರುವ ಕೈಗಾಜಿನಲ್ಲಿಟ್ಟು ನೋಡಿದೆ. ನಲವತ್ತಕ್ಕೂ ಎರಡೂ ಗೆರೆ ನನಗೆ ಸ್ಪಷ್ಟವಾಗಿ ಕಂಡವು. ಕಂಡವು ಎಂದು ನಾನು ಇಂದಿಗೂ ಪ್ರಮಾಣ ಮಾಡಿ ಹೇಳಬಲ್ಲೆ. ಆದರೆ ಅವು ಅಲ್ಲಿರಲಿಲ್ಲ. ಒಂದು ನಿಮಿಷದ ಹಿಂದೆ ದೊಡ್ಡದನ್ನು ನೋಡಿದ್ದ ನನ್ನ ಕಣ್ಣು, ಗಾಜಿನಲ್ಲಿ ಇಲ್ಲದ ಗೆರೆಯನ್ನು ತಾನೇ ಎಳೆದುಕೊಂಡಿತ್ತು. ಹುಲಿಗೆಮ್ಮನನ್ನು ಕರೆಯಲಿಲ್ಲ. ಅವಳು ಕರೆದರೆ ಕೇಳುವಷ್ಟು ದೂರದಲ್ಲೇ ರೊಟ್ಟಿ ತಟ್ಟುತ್ತಿದ್ದಳು. ವಹಿಯಲ್ಲಿ ನನ್ನ ಗುರುತು ಹಾಕಿ, ಅವಳ ಗುರುತನ್ನೂ ನಾನೇ ಹಾಕಿದೆ: ಒಂದು ಸಣ್ಣ ಸುತ್ತು, ಒಳಗೊಂದು ಚುಕ್ಕೆ. ಹಾಕುವುದು ಕಷ್ಟವಾಗಲಿಲ್ಲ. ಮೂಲವನ್ನು ಅಳಿಸಿದೆ. ಅದೇ ಬಿಲ್ಲೆಯಲ್ಲಿ ತೋಳಹಾವಿನ ಚಿತ್ರವೂ ಇತ್ತು. ವಿಷವಿಲ್ಲದ್ದು, ಕಟ್ಟುಹಾವಿನಂತೆಯೇ ಪಟ್ಟಿಯುಳ್ಳದ್ದು. ಅದು ಬರುವಾಗಲೇ ಚಿಕ್ಕದಾಗಿ, ಹತ್ತಿರದಿಂದ ತೆಗೆದದ್ದಾಗಿ ಬಂದಿದ್ದರಿಂದ ಕುಗ್ಗಿಸುವ ಅಗತ್ಯವೇ ಬೀಳಲಿಲ್ಲ. ಹಾಗೆಯೇ ಉಳಿಯಿತು.

ಕೈಗಾಜು ಹಿಡಿಯುತ್ತಿದ್ದವಳು ಸಾವಂತ್ರಿ. ಹಿರೇಬಂಡಿಯವಳು, ಮೂವತ್ತೆಂಟು ವರ್ಷ, ಐದು ಊರುಗಳ ಜ್ವರ, ಗಾಯ, ಹೆರಿಗೆ ಎಲ್ಲವನ್ನೂ ನೋಡುವವಳು. ಹಾವಿನ ಮದ್ದು ಅವಳ ಹತ್ತಿರ ವರ್ಷಕ್ಕೆ ಮೂರು ಸೀಸೆ ಮಾತ್ರ ಇರುತ್ತದೆ. ಕುದುರೆಯ ರಕ್ತದಿಂದ ಅದನ್ನು ತೆಗೆಯುವವರು ಇಲ್ಲಿಂದ ಹನ್ನೆರಡು ದಿನದ ದಾರಿಯಲ್ಲಿದ್ದಾರೆ. ಆದ್ದರಿಂದ ಕಚ್ಚಿದ ಹಾವನ್ನು ಹೊಡೆದು ತಂದರೆ, ಅದನ್ನು ಚಿತ್ರದ ಪಕ್ಕದಲ್ಲಿಟ್ಟು ನೋಡಿಯೇ ಮದ್ದು ಕೊಡಬೇಕು ಎಂಬುದು ಸಭೆಯ ಕಟ್ಟಳೆ. ಈ ವರ್ಷದ ಮಾರ್ಚಿನಲ್ಲಿ ದ್ಯಾಮವ್ವ ಎಂಬ ಬಾವಿ ತೋಡುವ ಹೆಂಗಸು, ಇಪ್ಪತ್ನಾಲ್ಕರವಳು, ಬೆಳಗ್ಗೆ ಹೊಟ್ಟೆನೋವೆಂದು ಬಂದಳು. ಹಾಸಿಗೆಯಲ್ಲಿ ಹಾವು ಸಿಕ್ಕಿತ್ತಂತೆ. ಅವಳ ಗಂಡ ಅದನ್ನು ಹೊಡೆದು ಮಡಕೆಯಲ್ಲಿ ಹಾಕಿಕೊಂಡು ಬಂದಿದ್ದ. ಕಚ್ಚಿದ ಗುರುತು ಸೊಳ್ಳೆ ಕಚ್ಚಿದಷ್ಟೂ ಇರಲಿಲ್ಲ, ಉರಿಯಿಲ್ಲ, ಊತವಿಲ್ಲ. ಸಾವಂತ್ರಿ ಹಾವನ್ನು ತೊಳೆದು, ಬಾಳೆ ಎಲೆಯ ಮೇಲೆ ಉದ್ದಕ್ಕೆ ಮಲಗಿಸಿ, ಗಾಜನ್ನು ಪಕ್ಕದಲ್ಲಿಟ್ಟು ನೋಡಿದಳು. ಎರಡು ಬೆರಳಿಂದ ಚಿತ್ರವನ್ನು ಹಿಗ್ಗಿಸಿದಳು. ಹಿಗ್ಗಿದ್ದು ಮಸುಕು ಮಾತ್ರ. ತೋಳಹಾವು ಎಂದು ಹೇಳಿ, ಮನೆಗೆ ಹೋಗಿ ಮಲಗಲು ಕಳುಹಿಸಿದಳು. ಮಧ್ಯಾಹ್ನಕ್ಕೆ ದ್ಯಾಮವ್ವನ ಕಣ್ಣುರೆಪ್ಪೆಗಳು ಬಿದ್ದವು, ಎತ್ತಲಾಗಲಿಲ್ಲ. ಸಾವಂತ್ರಿ ಮೂರೂ ಸೀಸೆ ಹಿಡಿದು ಓಡಿದಳು. ಅವಳು ಹೊಸ್ತಿಲು ದಾಟುವಾಗ ಉಸಿರು ನಿಂತಿತ್ತು.

ಸಭೆ ಕರೆದಾಗ ಕೋಶದ ಪರವಾಗಿ ಪಂಪಣ್ಣನವರೂ ನಾನೂ ಹೋಗಿದ್ದೆವು. ಚಾವಡಿ ತುಂಬಿತ್ತು. "ಚಿತ್ರ ನೋಡಾಕ ಬರಲಾರದಾಕಿ ಕೈಯಾಗ ಗಾಜು ಯಾಕ ಕೊಟ್ಟೀರಿ?" ಎಂದು ಒಬ್ಬ ಮುದುಕ ಕೂಗಿದ. ಸಾವಂತ್ರಿ ಅಳಲಿಲ್ಲ. ಎದ್ದು ನಿಂತು, ಪಾಠ ಒಪ್ಪಿಸುವವಳಂತೆ ಹೇಳಿದಳು: "ಸತ್ತ ಹಾವಿಗೆ ಎರಡೆರಡು ಗೆರಿ ಇದ್ವು. ಎಣಿಸೀನ್ರಿ, ಎರಡು ಸಲ ಎಣಿಸೀನಿ. ಗಾಜಿನಾಗ ಕಟ್ಟುಹಾವಿಗೆ ಒಂದ ದಪ್ಪ ಗೆರಿ ಐತಿ. ತೋಳಹಾವಿನ ಪಟ್ಟಿ ನೋಡ್ರಿ, ಬಗಲಾಗ ಸೀಳಿ ಎರಡಾಗೈತಿ. ಎರಡು ಗೆರಿ ಇದ್ದದ್ದು ಅದೊಂದಽ." ಗಾಜು ಕೈಯಿಂದ ಕೈಗೆ ಹೋಯಿತು. ಅವಳು ಹೇಳಿದಂತೆಯೇ ಇತ್ತು. ಅಜಾಗರೂಕಳಾಗಿದ್ದರೆ, ಕಪ್ಪು ಮೈ ನೋಡಿ ಹೆದರಿ ಮದ್ದು ಕೊಟ್ಟಿದ್ದರೆ, ದ್ಯಾಮವ್ವ ಬದುಕುತ್ತಿದ್ದಳು. ಜಾಗರೂಕಳಾಗಿ ನೋಡಿದಷ್ಟೂ ಅವಳು ತಪ್ಪಿನ ಕಡೆಗೇ ಹೋಗುವಂತೆ ಆ ಚಿತ್ರವನ್ನು ನಾನು ಮಾಡಿಟ್ಟಿದ್ದೆ.

ಆಮೇಲೆ ಅವಳು ನನ್ನ ಕಡೆ ತಿರುಗಿದಳು. "ನೀಲಕ್ಕಾರ, ಅದು ನಿಮ್ಮ ಕೈಗೆ ಬರೂವಾಗ ದೊಡ್ಡದಿತ್ತೇನ್ರಿ?"

ನಾನು ಬಾಯಿ ತೆರೆಯುವ ಮೊದಲು ಪಂಪಣ್ಣನವರು ಎದ್ದರು. ಅವರಿಗೆ ನಿಜ ಗೊತ್ತಿರಲಿಲ್ಲ. ಗೊತ್ತಿದ್ದರೆ ಹಾಗೆ ಹೇಳುತ್ತಿರಲಿಲ್ಲ. "ಹಳಬರು ಕೊಟ್ಟದ್ದಽ ಅಷ್ಟು, ತಾಯಿ. ತಮ್ಮ ಫೋನಿಗೆ ಸಾಕಾಗೂವಷ್ಟು ಮಾಡಿಕೊಂಡು ಕುಂತಿದ್ರು. ನಾವೇನ್ ಮಾಡೂಣು?" ಎಂದರು. ಜನ ತಲೆದೂಗಿದರು. ಹಳಬರು ಎಂದರೆ ನೀವು. ನಮ್ಮಲ್ಲಿ ಬಾವಿ ಬತ್ತಿದರೂ ಹಳಬರು, ಬೀಜ ಹುಟ್ಟದಿದ್ದರೂ ಹಳಬರು. ಬಹಳಷ್ಟು ಸಲ ಅದು ನಿಜವೇ ಆಗಿರುವುದರಿಂದ ಯಾರೂ ಪರೀಕ್ಷಿಸಲು ಹೋಗುವುದಿಲ್ಲ. ಸಾವಂತ್ರಿ ಇನ್ನೂ ನನ್ನನ್ನೇ ನೋಡುತ್ತಿದ್ದಳು. ನಾನು ಇಲ್ಲ ಎನ್ನುವಂತೆ ತಲೆಯಾಡಿಸಿದೆ. ಅವಳ ಕೈಯಿಂದ ಗಾಜನ್ನು ತೆಗೆದುಕೊಂಡರು. ಸುಮ್ಮನಿರುವ ತಿಂಗಳು ಮುಗಿದ ಮೇಲೆ ಕೊನೆಯ ತೀರ್ಮಾನ ಎಂದರು.

ಗುಡ್ಡಕ್ಕೆ ಬಂದ ಮೇಲೆ ನಾನು ಎಷ್ಟೋ ದಿನ ನನ್ನೊಳಗೆ ವಾದ ಮಾಡಿಕೊಂಡೆ. ಬಿಲ್ಲೆ ಸಾಯುತ್ತಿತ್ತು, ಹೇಗೂ ಕುಗ್ಗಿಸಲೇಬೇಕಿತ್ತು ಎಂದುಕೊಂಡೆ. ನಿಜ. ಆದರೆ ಅದೇ ದಿನ ಯಾವುದೋ ಅರಮನೆಯ ಚಿತ್ರಕ್ಕೆ, ಚೆನ್ನಾಗಿದೆ ಎಂಬ ಒಂದೇ ಕಾರಣಕ್ಕೆ, ಗೋಡೆಗಾಜಿನ ಅಳತೆ ಕೊಟ್ಟಿದ್ದೆ. ಹುಲಿಗೆಮ್ಮ ಬಂದಿದ್ದರೂ ಗೆರೆಯ ಬಗ್ಗೆ ಹೇಳುತ್ತಿದ್ದಳೆಂದು ಏನು ಖಾತ್ರಿ ಎಂದುಕೊಂಡೆ. ಖಾತ್ರಿಯಿಲ್ಲ. ಹೋದ ವಾರ ಆ ಚಿಕ್ಕ ಚಿತ್ರವನ್ನು ಏನೂ ಹೇಳದೆ ಅವಳಿಗೆ ತೋರಿಸಿದೆ. ಚಾವಡಿಗೆ ಅವಳು ಬಂದಿರಲಿಲ್ಲ. "ಹಾವು. ಮೈಗೆ ದಪ್ಪ ಪಟ್ಟಿ, ಒಂದೊಂದು," ಎಂದಳು. ಎರಡು ಕಾಣುವುದಿಲ್ಲವೇ ಎಂದು ಕೇಳಿದೆ. "ಇಲ್ಲದ್ದು ಹೆಂಗ ಕಾಣಬೇಕು ತಂಗಿ?" ಎಂದಳು. ವಹಿಯನ್ನು ತೆಗೆದು ಸುತ್ತು ಮತ್ತು ಚುಕ್ಕೆಯನ್ನು ತೋರಿಸಿದೆ. ಅವಳಿಗೆ ಓದಲು ಬರುವುದಿಲ್ಲ, ತನ್ನ ಗುರುತು ಮಾತ್ರ ಗೊತ್ತು. ಚುಕ್ಕೆಯ ಮೇಲೆ ಬೆರಳಿಟ್ಟಳು. "ನಾ ಚುಕ್ಕಿ ಮದಲ ಇಡ್ತೀನಿ, ಆಮ್ಯಾಲೆ ಸುತ್ತು. ಇದರಾಗ ಚುಕ್ಕಿ ಒಂದು ಬಗಲಿಗೆ ಬಿದ್ದೈತಿ. ಇದು ನಂದಲ್ಲ," ಎಂದಳು. ಆವತ್ತಿನಿಂದ ನನಗೆ ಊಟ ಬಡಿಸುತ್ತಾಳೆ, ತಂಗಿ ಎನ್ನುವುದಿಲ್ಲ.

ನಿನ್ನೆ ಬೆಳಗ್ಗೆ, ಬಿಸಿಲೇರುವ ಮೊದಲು, ತಿಂಗಳ ಕಟ್ಟಳೆ ಮೀರಿ ಹಿರೇಬಂಡಿಗೆ ನಡೆದುಹೋದೆ. ಸಾವಂತ್ರಿ ಮೊರದಲ್ಲಿ ನವಣೆ ಹಸನು ಮಾಡುತ್ತಿದ್ದಳು. ನಾನು ನಿಂತುಕೊಂಡೇ ಎಲ್ಲವನ್ನೂ ಹೇಳಿದೆ: ದೊಡ್ಡದಾಗಿ ಬಂದಿತ್ತು, ಕುಗ್ಗಿಸಿದ್ದು ನಾನು, ಹೊಸಗಣ್ಣಿನ ಗುರುತು ಸುಳ್ಳು, ಸಭೆಯಲ್ಲಿ ತಲೆಯಾಡಿಸಿದ್ದೂ ಸುಳ್ಳು. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದರೆ ನನಗೆ ಸುಲಭವಾಗುತ್ತಿತ್ತು, ಬಹುಶಃ ಅದನ್ನೇ ಪಡೆಯಲು ಹೋಗಿದ್ದೆ. ಅವಳು ಮೊರ ಕೆಳಗಿಟ್ಟು ಒಂದೇ ಮಾತು ಕೇಳಿದಳು.

"ಕಟ್ಟುಹಾವಿಗೆ ಎರಡು ಗೆರಿ ಇರ್ತಾವಲ್ರಿ, ಹಂಗಾರ?"

"ಹೌದು. ಎರಡು."

"ನಾ ಸರಿಯಾಗೇ ನೋಡಿದ್ದೆ."

"ನೀನು ಸರಿಯಾಗೇ ನೋಡಿದ್ದೆ, ಸಾವಂತ್ರಿ."

ಸಮಾಧಾನ ಎಂಬುದು ಅವಳ ಮುಖದ ಮೇಲೆ ಬಂದು, ನಿಲ್ಲದೆ ಹೋದದ್ದನ್ನು ನಾನು ಕಂಡೆ. ಸಭೆಯಲ್ಲಿ ಇದನ್ನೆಲ್ಲ ಹೇಳುತ್ತೇನೆ, ವಹಿಯನ್ನು ಎಲ್ಲರ ಮುಂದೆ ಇಡುತ್ತೇನೆ, ಗಾಜು ನಿನ್ನ ಕೈಗೇ ಬರುತ್ತದೆ ಎಂದೆ. "ಹೇಳ್ರಿ. ನಿಮ್ಮ ಪಾಲಿಂದು ನೀವು ಹೇಳಬೇಕು," ಎಂದಳು. "ಆದ್ರ ಗಾಜು ನಾ ಮುಟ್ಟಂಗಿಲ್ಲ. ತಪ್ಪು ನೋಡಿದ್ರ ಕಲೀಬಹುದಿತ್ರಿ. ಸರಿಯಾಗಿ ನೋಡೇ ಒಂದು ಜೀವ ಹೋತು. ಇನ್ನ ಏನ್ ಕಲೀಲಿ ನಾ?" ಎರಡು ಸಾವಿರ ಚಿತ್ರಗಳಲ್ಲಿ ಇನ್ನೆಷ್ಟರಲ್ಲಿ ಒಂದು ಗೆರೆ ಹೋಗಿದೆ ಎಂದು ಅವಳು ಕೇಳಲಿಲ್ಲ. ಕೇಳಿದ್ದರೂ ನನಗೆ ಗೊತ್ತಿಲ್ಲ. ಮೂಲಗಳು ಇಲ್ಲ, ಹೋಲಿಸಿ ನೋಡಲು ಏನೂ ಇಲ್ಲ.

ಸಭೆಗೆ ಇನ್ನು ಆರು ದಿನ. ನಾನು ಹೇಳುತ್ತೇನೆ, ಆ ಬಗ್ಗೆ ಅನುಮಾನವಿಲ್ಲ. ನನ್ನನ್ನು ಈ ಕೆಲಸದಿಂದ ತೆಗೆಯುತ್ತಾರೆ, ತೆಗೆಯಬೇಕು. ಮೊದಲು ನಿಮಗೆ ಬರೆಯುತ್ತಿರುವುದೇಕೆ ಎಂದು ಬೆಳಗ್ಗಿನಿಂದ ಕೇಳಿಕೊಳ್ಳುತ್ತಿದ್ದೇನೆ. ಉತ್ತರಿಸಲಾರದವರ ಮುಂದೆ ತಪ್ಪೊಪ್ಪುವುದು ಸುಲಭವೆಂದೋ ಏನೋ. ಅಥವಾ ನಿಮ್ಮ ಹೆಸರನ್ನು ಅಡ್ಡ ಹಿಡಿದು ನಿಂತದ್ದಕ್ಕೆ ನಿಮಗೂ ಒಂದು ಮಾತು ಸಲ್ಲಬೇಕೆಂದೋ. ಆ ಒಂದು ಚಿತ್ರವನ್ನು ಕುಗ್ಗಿಸದೆ ಇಟ್ಟುಕೊಂಡಿದ್ದವರು ನಿಮ್ಮೊಳಗೇ ಯಾರೋ ಇದ್ದರು. ಅವರು ಇಟ್ಟದ್ದು ಇನ್ನೂರು ವರ್ಷ ಬಂತು. ನನ್ನ ಕೈಯಲ್ಲಿ ಒಂದು ಮಧ್ಯಾಹ್ನ ನಿಲ್ಲಲಿಲ್ಲ.

ನಿಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟೇ. ಚಿಕ್ಕ ಪರದೆಗೆ ಚಿಕ್ಕ ಚಿತ್ರವನ್ನೇ ಕಳುಹಿಸಿ, ಅದು ಸರಿ. ಆದರೆ ಯಾವುದು ಸಾಕು ಎಂದು ತೀರ್ಮಾನಿಸುವಾಗ ನಿಮ್ಮ ಕಣ್ಣನ್ನು ನಂಬಬೇಡಿ. ನಿಮಗೆ ಮೊದಲೇ ಗೊತ್ತಿರುವುದನ್ನು ಅದು ನಿಮಗೆ ತೋರಿಸುತ್ತದೆ. ಗೊತ್ತಿಲ್ಲದವರ ಕೈಗೆ ಕೊಟ್ಟು, ಅವರು ಹೇಳುವವರೆಗೆ ಸುಮ್ಮನಿರಿ. ಅವರು ನೋಡುವುದು ಚೆಂದಕ್ಕೋ, ಪ್ರಾಣಕ್ಕೋ ಎಂದು ಕೇಳಿ. ಮೂಲವನ್ನು ನಿಮ್ಮ ಹತ್ತಿರವೇ, ನಿಮ್ಮ ಮನೆಯಲ್ಲೇ ಇಟ್ಟುಕೊಳ್ಳಿ.

ಇಲ್ಲಿ ಮೇ ತಿಂಗಳು ಬಂದೊಡನೆ ಮೊದಲ ಮಳೆ ಬೀಳುತ್ತದೆ, ಬಿಲಗಳಿಗೆ ನೀರು ನುಗ್ಗುತ್ತದೆ, ಹಾವುಗಳು ಮನೆಗಳತ್ತ ಬರುತ್ತವೆ. ಕೈಗಾಜು ಈಗ ಚಾವಡಿಯ ಗೂಡಿನಲ್ಲಿದೆ. ಅದನ್ನು ಹಿಡಿಯುವವರು ಐದು ಊರುಗಳಲ್ಲಿ ಯಾರೂ ಇಲ್ಲ. ಇವತ್ತು ಪಡುವಣದಲ್ಲಿ ಒಂದಿಷ್ಟು ಮೋಡ ಕಟ್ಟಿದೆ.

ನಿಮಗೆ ಒಳ್ಳೆಯದಾಗಲಿ.

ನೀಲಗಂಗಾ
ಅಳತೆಗಾರ್ತಿ, ಚಿತ್ರಕೋಶ, ಇನ್ನು ಆರು ದಿನಗಳವರೆಗೆ